ನಮ್ಮ ಹೆಸರು ಪ್ರಶ್ನಾರ್ಥಕ ಚಿಹ್ನೆಯೇ?

ಹೋದ ವರ್ಷ ಒಂದು ಕಚೇರಿಯಿಂದ ನಮ್ಮ ಮನೆಗೆ ರಸೀದಿ ಬಂದಿತು. ಅವ್ವನ ಹೆಸರನ್ನು ನಾನು ಕನ್ನಡದಲ್ಲಿಯೇ ತುಂಬಿದ್ದೆ. ಅಚ್ಚಾಗಿ ಬಂದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಇಳಕಲ್ಲಿನಲ್ಲಿ ಸೀರೆ ನೇಯುವ ಅವ್ವನಿಗೆ ತನ್ನ ಸಹಿಯಷ್ಟೇ ಓದು. "ಇದು ನನ್ನ ಹೆಸರಲ್ಲೋ ತಮ್ಮಾ" ಎಂದಳು. ಕೇಳಲು ಹೋದರೆ, "ಕಂಪ್ಯೂಟರಿಗೆ ಕನ್ನಡ ಬರುವದಿಲ್ಲ" ಎಂಬ ಉತ್ತರ ಸಿಕ್ಕಿತು. ಈ ಮಾತನ್ನು ನಾನು ಒಪ್ಪಲಾರೆ.

ಗಣಕಯಂತ್ರಕ್ಕೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು, ಬರುವದು ಅಂಕಿಯೊಂದೇ. 1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು.

ಹಾಗಾದರೆ ಹೆಸರು ಕೆಡುವದೆಲ್ಲಿ? ಬಹಳ ಸಲ, ಕಳಿಸುವಲ್ಲಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿ ಕಳಿಸುವ ಸ್ಕ್ರಿಪ್ಟ್ ಬರೆದವನು ಪದ್ಧತಿಯನ್ನು ಹೇಳದಿದ್ದರೆ, ಕೆಲವು ಉಪಕರಣಗಳು ಪಶ್ಚಿಮ ಯುರೋಪಿನ ಐಎಸ್‌ಒ 8859-1 ಕೋಷ್ಟಕವನ್ನು ಹಿಡಿಯುತ್ತವೆ. ಅದರಲ್ಲಿ ಕನ್ನಡಕ್ಕೆ ಒಂದು ಸ್ಥಾನವೂ ಇಲ್ಲ. ಆದುದರಿಂದ ಅಕ್ಷರ ಹೋಗಿ ಪ್ರಶ್ನಾರ್ಥಕ ಚಿಹ್ನೆ ಕೂಡ್ರುತ್ತದೆ. ಆ ಚಿಹ್ನೆಯಿಂದ ಮೂಲ ಹೆಸರನ್ನು ಮರಳಿ ಪಡೆಯಲಾಗದು. ಇನ್ನೊಂದು ತಪ್ಪು ಉದ್ದದ ಲೆಕ್ಕದ್ದು. 'ಬಾದಾಮಿ'ಯಲ್ಲಿ ಸಂಕೇತಗಳು 6, ಬೈಟುಗಳು 18. ಉದ್ದ 6 ಎಂದು ಸಾರಿದರೆ, ಪಡೆಯುವ ಯಂತ್ರವು 6 ಬೈಟ್ ಓದಿ ನಿಲ್ಲುತ್ತದೆ. ಬಾದಾಮಿ ಹೋಗಿ ಬರೀ 'ಬಾ' ಉಳಿಯುತ್ತದೆ!

ಮದ್ದು ಎರಡು-ಮೂರು ಸಾಲಿನದು. ಕಳಿಸುವ ಮೊದಲು ಪಠ್ಯವನ್ನು ಯುಟಿಎಫ್-8ಕ್ಕೆ ತರುವದು. ಜೊತೆಗಿನ ತಲೆಬರಹದಲ್ಲಿ ಆ ಪದ್ಧತಿಯ ಹೆಸರನ್ನು ಹೇಳುವದು. ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುವದು.

"ಇಂಗ್ಲಿಷಿನಲ್ಲಿಯೇ ತುಂಬಿದರೆ ಈ ಗೋಜೇ ಇಲ್ಲವಲ್ಲ" ಎಂದು ಕೆಲವು ಗೆಳೆಯರು ಹೇಳುವರು. ಇಂಗ್ಲಿಷಿನಲ್ಲಿ 'ಳ'ಕಾರ ಉಂಟೇ? ಅಲ್ಲಿ ನಮ್ಮ ಇಳಕಲ್ಲು 'ಇಲ್ಕಲ್' ಆಗುವದು. ಮೇಲಾಗಿ, ಅವ್ವ ಕಷ್ಟಪಟ್ಟು ಕಲಿತ ನಾಲ್ಕು ಅಕ್ಷರ ಇಂಗ್ಲಿಷಿನವಲ್ಲ. ತನ್ನ ಹೆಸರನ್ನು ತಾನೇ ಓದಿಕೊಳ್ಳುವ ಹಕ್ಕು ಅವಳಿಗೆ ಬೇಡವೇ?

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಹೆಸರು ಸುಮಾರು 1300 ವರ್ಷಗಳಿಂದ ಕನ್ನಡದಲ್ಲಿ ನಿಂತಿದೆ. ಉಳಿಯಿಂದ ಸಾಧ್ಯವಾದದ್ದು ಯಂತ್ರದಿಂದ ಸಾಧ್ಯವಿಲ್ಲವೆಂದರೆ ನಂಬಬಹುದೇ? ಸಹಪಾಠಿಗಳೇ, ನಾಳೆ ಬಾಗಲಕೋಟೆ, ಹುನಗುಂದಗಳ ಕಚೇರಿಗಳಲ್ಲಿ ಕೂಡ್ರುವವರು ನಾವೇ. ಯಾವುದೇ ಹೊಸ ವ್ಯವಸ್ಥೆಯನ್ನು ಒಪ್ಪುವ ಮೊದಲು ಕನ್ನಡದ ಹೆಸರೊಂದನ್ನು ಕಳಿಸಿ, ಅದು ಇದ್ದಂತೆಯೇ ಮರಳಿತೇ ಎಂದು ನೋಡೋಣ. ಮರಳದಿದ್ದರೆ, ದೋಷ ಕನ್ನಡದ್ದೆನ್ನದೆ ಕೆಲಸ ಅಪೂರ್ಣವೆಂದು ಹೇಳೋಣ.