ಚಪ್ಪಾಳೆ ಹೊಡೆಯದ ಅಪ್ಪ

ಅಪ್ಪ-ಅವ್ವನನ್ನು ಅಮೆರಿಕಕ್ಕೆ ಕರೆಸಿಕೊಂಡವರಿಗೆಲ್ಲ ಒಂದು ಪ್ರಶ್ನೆ ಕಾಡುತ್ತೆ. ದೇವಸ್ಥಾನ, ಮಾಲ್, ಗೆಳೆಯರ ಮನೆ ಎಲ್ಲ ಮುಗಿದ ಮೇಲೆ ಎಲ್ಲಿಗೆ ಕರಕೊಂಡು ಹೋಗೋದು? ಕಳೆದ ಜುಲೈನಲ್ಲಿ ನಾನು ಅಲಾಸ್ಕಾ ಅಂದೆ. ಸಿಯಾಟಲ್‌ನಿಂದ ಆಂಕರೇಜ್‌ಗೆ ವಿಮಾನ, ಅಲ್ಲಿಂದ ಸುಮಾರು 200 ಕಿ.ಮೀ. ಕಾರು, ಕೊನೆಗೆ ಸೂವರ್ಡ್ ಅನ್ನೋ ಪುಟ್ಟ ಬಂದರು. ಅಲ್ಲಿಂದ ಆರು ತಾಸಿನ ಬೋಟು.

ನಿಜ ಹೇಳಬೇಕಂದ್ರೆ, ಟಿಕೆಟ್ ತೆಗೆಯೋಕೆ ಇನ್ನೊಂದು ಕಾರಣ ಇತ್ತು. ಹದಿನೈದು ದಿನದಿಂದ ಅಪ್ಪನೂ ನಾನೂ ನೆಟ್ಟಗೆ ಮಾತಾಡಿರಲಿಲ್ಲ. ಹುಮನಾಬಾದ್ ಹತ್ತಿರದ ನಮ್ಮ ಹೊಲದಲ್ಲಿ ಮೂರು ಬೋರ್ ಬತ್ತಿವೆ. ನಾಲ್ಕನೇದಕ್ಕೆ ದುಡ್ಡು ಕೊಡು ಅಂತ ಅವರು, ಹೊಲ ಮಾರಿಬಿಡಿ ಅಂತ ನಾನು.

ಅವ್ವನ ಚಿಂತೆಯೇ ಬೇರೆ. ಬಸವಕಲ್ಯಾಣ ಅವಳ ತವರು. ಅಲ್ಲಿನ ತ್ರಿಪುರಾಂತ ಕೆರೆಗಿಂತ ದೊಡ್ಡ ನೀರನ್ನು ಅವಳು ಹತ್ತಿರದಿಂದ ನೋಡಿದವಳಲ್ಲ. ವಾಂತಿ ಆಗದ ಹಾಗೆ ಹೊರಡೋ ಒಂದು ತಾಸು ಮೊದಲೇ ಮಾತ್ರೆ ಕೊಟ್ಟೆ (ಬಿ.ಪಿ. ಗುಳಿಗೆ ತಗೊಳ್ಳೋ ಹಿರಿಯರಿದ್ದರೆ ಮೊದಲು ಡಾಕ್ಟರನ್ನು ಕೇಳಿ). ಕೆಳಗಿನ ಡೆಕ್‌ನ ನಡುವೆ ಕೂರಿಸಿದೆ, ಅಲ್ಲಿ ಅಲುಗಾಟ ಕಡಿಮೆ. ಜುಲೈ ಆದ್ರೂ ಸ್ವೆಟರ್, ಮಂಕಿ ಕ್ಯಾಪ್ ಬೇಕೇ ಬೇಕು. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ರೆಸರೆಕ್ಷನ್ ಕೊಲ್ಲಿ ದಾಟುವಾಗ ಮೊದಲು ಕಂಡದ್ದು ಕಡಲ ನೀರುನಾಯಿ. ಅಂಗಾತ ಮಲಗಿ ಹೊಟ್ಟೆ ಮೇಲೆ ಮರಿ ಇಟ್ಕೊಂಡು ತೇಲ್ತಾ ಇತ್ತು. ಆಮೇಲೆ ಬಂಡೆ ಮೇಲೆ ಗದ್ದಲ ಮಾಡ್ತಿದ್ದ ಕಡಲಸಿಂಹಗಳು, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು. ಒಂದು ಕಡೆ ನೀರು ಬುಸ್ ಅಂತ ಮೇಲೆದ್ದಾಗ ಕ್ಯಾಪ್ಟನ್ ದೂರದಲ್ಲೇ ನಿಧಾನಿಸಿದರು. ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ 100 ಗಜಕ್ಕಿಂತ ಹತ್ತಿರ ಹೋಗಬಾರದು ಅಂತ ಅಲ್ಲಿ ಕಾನೂನಿದೆ. ನಮ್ಮೂರ ಬಸ್ಸಿಗಿಂತ ಉದ್ದದ ಪ್ರಾಣಿ ಬೆನ್ನು ತೋರಿಸಿ, ಬಾಲ ಎತ್ತಿ, ಸದ್ದಿಲ್ಲದೆ ಮುಳುಗಿತು.

"ಬೇಸಿಗೆಯಲ್ಲಿ ಇಲ್ಲಿ ತಿಂದು, ಚಳಿಗಾಲಕ್ಕೆ ಮರಿ ಹಾಕೋಕೆ ಹವಾಯಿಗೆ ಹೋಗ್ತಾವಂತೆ, ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚು ದೂರ" ಅಂತ ಅವ್ವನಿಗೆ ಹೇಳಿದೆ.

"ಹಂಗಾದ್ರ ಇವೂ ಗುಳೆ ಹೋಗ್ತಾವ ಅನ್ನು" ಅಂದಳು.

ಮಧ್ಯಾಹ್ನ ಐಯಾಲಿಕ್ ಹಿಮನದಿ ಬಂತು. ಮೇಲಿನ ಹಾರ್ಡಿಂಗ್ ಹಿಮಬಯಲಿನಿಂದ ಇಳಿಯೋ ಸುಮಾರು 40 ಹಿಮನದಿಗಳಲ್ಲಿ ಇದೂ ಒಂದು. ಆ ಬಯಲು ನಮ್ಮ ಬೀದರ್ ಜಿಲ್ಲೆಯ ಮೂರನೇ ಒಂದು ಭಾಗದಷ್ಟಿದೆ, ಸುಮಾರು 1,800 ಚದರ ಕಿ.ಮೀ. ಎಂಜಿನ್ ಆಫ್ ಆಯಿತು. ಎಲ್ಲರೂ ಫೋನ್ ಹಿಡಿದು ಸುಮ್ಮನೆ ಕಾದೆವು. ನೀಲಿ ಗೋಡೆಯಿಂದ ಒಂದು ಮನೆಯಷ್ಟು ಹಿಮ ಕಳಚಿ ಬಿತ್ತು. ಕಣ್ಣಿಗೆ ಮೊದಲು ಕಂಡಿತು, ಗುಡುಗಿನಂಥ ಸದ್ದು ಆಮೇಲೆ ಬಂತು. ಬೋಟಿನ ತುಂಬ ಕೇಕೆ, ಚಪ್ಪಾಳೆ.

ಅಪ್ಪ ಒಬ್ಬರೇ ಕೈ ಕಟ್ಟಿ ನಿಂತಿದ್ದರು. "ಸೀ ನೀರು ಹೋಗಿ ಉಪ್ಪಿನಾಗ ಬೀಳ್ಲಕತ್ತದ. ಇವರು ಚಪ್ಪಾಳಿ ಯಾಕ ಹೊಡೀಲಕತ್ತಾರ ತಮ್ಮಾ?"

ಸಮುದ್ರ ಮುಟ್ಟಿದ ಹಿಮನದಿ ಹೀಗೆ ಕಳಚೋದು ಸಹಜ, ಮೇಲೆ ಹೊಸ ಹಿಮ ಬೀಳುತ್ತೆ ಅಂತ ವಿವರಿಸಿದೆ.

"ಅದು ಖರೆ. ಜಮಾ ಎಷ್ಟು, ಖರ್ಚು ಎಷ್ಟು?"

ಹಿಮನದಿ ಬೆಳೀತಿದೆಯೋ ಕರಗ್ತಿದೆಯೋ ಅಂತ ವಿಜ್ಞಾನಿಗಳು ಹಾಕೋ ಲೆಕ್ಕವೂ ಇದೇ. ಉತ್ತರ ಮರುದಿನ ಬೆಳಗ್ಗೆ ಸಿಕ್ಕಿತು. ಸೂವರ್ಡ್ ಪಕ್ಕದಲ್ಲೇ ಎಕ್ಸಿಟ್ ಗ್ಲೇಸಿಯರ್ ಇದೆ, ನಡೆದೇ ನೋಡಬಹುದು. ಹಿಮ ಯಾವ ವರ್ಷ ಎಲ್ಲಿವರೆಗೆ ಇತ್ತು ಅಂತ ದಾರಿಯಲ್ಲಿ ಬೋರ್ಡ್ ಹಾಕಿದ್ದಾರೆ. 1917, 1951, 2010. ಕೊನೆಯ ಬೋರ್ಡ್ ಹತ್ತಿರ ನಿಂತರೂ ಹಿಮ ಇನ್ನೂ ಎಷ್ಟೋ ದೂರ, ಮೇಲೆ.

ಅಪ್ಪ ಅಲ್ಲೇ ಕಲ್ಲಿನ ಮೇಲೆ ಕೂತರು. "ನೀ ಹುಟ್ಟಿದಾಗ ನಮ್ಮ ಬಾವ್ಯಾಗ ನಲವತ್ತು ಫೂಟಿಗೆ ನೀರಿತ್ತು. ಮೊದಲನೇ ಬೋರ್ ಇನ್ನೂರು. ಆಮ್ಯಾಲ ಮುನ್ನೂರೈವತ್ತು. ಮೂರನೇದು ಆರ್ನೂರು ಕೊರದ್ರೂ ಧೂಳ ಬಂತು. ನಾವೂ ಹಿಂಗ ಬೋರ್ಡ್ ಹಾಕಿದ್ರ ಗೊತ್ತಾಗ್ತಿತ್ತು."

ಇಷ್ಟು ವರ್ಷ ಅವರದು ಬರೀ ಹಠ ಅಂದುಕೊಂಡಿದ್ದೆ. ನಮ್ಮ ನೆಲದ ಕೆಳಗೆ ಇರೋದು ಗಟ್ಟಿ ಬಸಾಲ್ಟ್ ಬಂಡೆ, ನೀರು ನಿಲ್ಲೋದು ಅದರ ಬಿರುಕುಗಳಲ್ಲಿ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಪ್ಪ ಫೂಟು ಫೂಟಾಗಿ ದುಡ್ಡು ಕೊಟ್ಟು ನೋಡಿದ್ದರು. ಆ ಲೆಕ್ಕ ನಾನು ಒಮ್ಮೆಯೂ ಕೇಳಿರಲಿಲ್ಲ.

ಊರಿಗೆ ಹೋದ ಮೇಲೆ ಅವ್ವ ತಿಮಿಂಗಿಲದ ವಿಡಿಯೊವನ್ನು ಓಣಿಗೆಲ್ಲ ತೋರಿಸಿದ್ದಾಳೆ. ಅಪ್ಪನ ಫೋನಿನಲ್ಲಿ ಇರೋದು ಒಂದೇ ಫೋಟೊ, 1951ರ ಬೋರ್ಡಿನದು. ಮೊನ್ನೆ ಫೋನ್ ಮಾಡಿ, ಹೊಲದ ಇಳಿಜಾರಿನಲ್ಲಿ ಕೃಷಿ ಹೊಂಡಕ್ಕೆ ಜಾಗ ಅಳೆಸಿದೀನಿ, ಸಬ್ಸಿಡಿ ಅರ್ಜಿ ನೀನೇ ತುಂಬು ಅಂದರು. ನಾಲ್ಕನೇ ಬೋರಿನ ಆಸೆ ಪೂರ್ತಿ ಬಿಟ್ಟಿಲ್ಲ. ನಾನು ಮಾತ್ರ ಹೊಲ ಮಾರಿ ಅನ್ನೋದನ್ನು ಬಿಟ್ಟಿದ್ದೀನಿ.