ಕರೆಂಟ್ ಹೋದ್ರೆ ನಮಗೇನ್ರೀ!

"ಕರೆಂಟ್ ಹೋದ್ರೆ ನಮಗೇನ್ರೀ, ಹಳ್ಳೀಲಿ ಬೆಳೆದೋರು ನಾವು!" 2008ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಈ ಮಾತನ್ನು ಕಮ್ಮಿಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಹೇಳಿದವರೆಲ್ಲ ನನ್ನಂಥವರೇ. ಶಿವಮೊಗ್ಗ, ಹಾಸನ, ಮಂಡ್ಯದ ಹಳ್ಳಿಗಳಿಂದ ಬಂದು, ಬಿಇ ಮುಗಿಸಿ, ಬೆಂಗಳೂರು ಹಿಡಿದು, ಅಲ್ಲಿಂದ ಆನ್‌ಸೈಟ್ ಅಂತ ನ್ಯಾಶುವಾ, ಬಾಸ್ಟನ್ ಸುತ್ತಮುತ್ತ ಬಿಡಾರ ಹೂಡಿದವರು. ಹೇಳುವಾಗ ಪ್ರತಿಯೊಬ್ಬರ ಮುಖದಲ್ಲೂ ಒಂದು ಕಳೆ. ಅಮೆರಿಕದವರು ಒದ್ದಾಡ್ತಿದ್ದಾರೆ, ನಾವು ಮಾತ್ರ ಗಟ್ಟಿಗರು ಅನ್ನೋ ಖುಷಿ.

ಈ ಮಾತಿನ ಮೇಲೆ ನನಗೆ ಎರಡು ತಕರಾರಿವೆ. ಒಂದು, ಅದು ಸುಳ್ಳು. ಬರೀ ಸುಳ್ಳಾಗಿದ್ದರೆ ಜಂಬ ಕೊಚ್ಚಿಕೊಳ್ಳಲಿ ಬಿಡಿ ಅಂತ ಸುಮ್ಮನಿರಬಹುದಿತ್ತು. ಆದರೆ ಈ ಜಂಬದ ಲಾಭ ಹೋಗೋದು ಸಹಿಸಿಕೊಂಡವನಿಗಲ್ಲ, ಕರೆಂಟ್ ಕೊಡಬೇಕಾದವನಿಗೆ. ಎರಡನೇ ತಕರಾರು ಅದು.

ಡಿಸೆಂಬರ್ 11ರ ರಾತ್ರಿ ಅಲ್ಲಿ ಬಿದ್ದದ್ದು ಮಳೆ. ಹಿಮ ಬಿದ್ದಿದ್ದರೆ ಆ ಸೀಮೆಯ ಜನ ಕ್ಯಾರೇ ಅನ್ನುತ್ತಿರಲಿಲ್ಲ, ಸಲಿಕೆ ಹಿಡಿದು ಹೊರಡುತ್ತಿದ್ದರು. ಇದು ಬೇರೆ ಥರದ್ದು. ಮೇಲೆಲ್ಲೋ ಬೆಚ್ಚಗಿನ ಗಾಳಿಯ ಪದರದಲ್ಲಿ ಹಿಮ ಕರಗಿ ನೀರಾಗುತ್ತದೆ. ನೆಲದ ಹತ್ತಿರ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿ. ಮತ್ತೆ ಹೆಪ್ಪುಗಟ್ಟಲು ಪುರಸೊತ್ತೇ ಸಿಗದ ಹನಿ, ನೀರಾಗಿಯೇ ಇಳಿದು, ತಂತಿಗೋ ರೆಂಬೆಗೋ ತಾಗಿದ ಕ್ಷಣ ಗಾಜಾಗುತ್ತದೆ. ಗಂಟೆಗಟ್ಟಲೆ ಹೀಗೇ ಸುರಿದರೆ ಕಿರುಬೆರಳಿನಷ್ಟಿದ್ದ ಕಡ್ಡಿ ರಟ್ಟೆಯಷ್ಟಾಗುತ್ತದೆ. ಆ ರಾತ್ರಿ ಎರಡು ಗಂಟೆ ಸುಮಾರಿಗೆ ಕೋವಿ ಹೊಡೆದಂತೆ ಸದ್ದು ಶುರುವಾಯ್ತು. ಪೈನ್ ಮರಗಳ ಕೊಂಬೆ ಮುರಿಯುತ್ತಿದ್ದವು, ಒಂದಾದ ಮೇಲೊಂದು, ಬೆಳಗಿನ ತನಕ. ನ್ಯೂ ಹ್ಯಾಂಪ್‌ಶೈರ್ ಅಂದರೆ ಕಾಡು, ಕಾಡಿನ ನಡುವೆ ಕಂಬ, ಕಂಬದ ಮೇಲೆ ತಂತಿ. ನಮ್ಮ ಮಲೆನಾಡಿನದೇ ನಕಾಶೆ. ಆ ಪುಟ್ಟ ರಾಜ್ಯವೊಂದರಲ್ಲೇ 4 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿದುಹೋದವು, ಅಂದರೆ ಅರ್ಧಕ್ಕಿಂತ ಜಾಸ್ತಿ. ಕೆಲವು ಊರುಗಳಿಗೆ ಕರೆಂಟ್ ವಾಪಸ್ ಬರಲು ಎರಡು ವಾರ ಹಿಡಿಯಿತು. ನಮ್ಮ ಮನೆಗೆ ಬಂದದ್ದು ಒಂಬತ್ತನೇ ದಿನ.

ಈಗ ಹೇಳಿ, ಹಳ್ಳೀಲಿ ಬೆಳೆದದ್ದು ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು?

ನಾನಿದ್ದದ್ದು ನ್ಯಾಶುವಾ ಊರಾಚೆಯ ಒಂದು ಹಳೇ ಬಾಡಿಗೆ ಮನೆ. ನೆಲಮಾಳಿಗೆಯಲ್ಲಿ ಟ್ಯಾಂಕ್ ತುಂಬ ಎಣ್ಣೆ, ಅದನ್ನು ಉರಿಸಿ ನೀರು ಕಾಯಿಸಿ ಮನೆಯನ್ನೆಲ್ಲ ಬೆಚ್ಚಗಿಡುವ ಬಾಯ್ಲರ್. ಆದರೆ ಎಣ್ಣೆಗೆ ಕಿಡಿ ಹೊತ್ತಿಸೋದೂ ಬಿಸಿನೀರು ತಿರುಗಿಸೋ ಪಂಪೂ ಕರೆಂಟಿನವು. ಹಾಗಾಗಿ ಟ್ಯಾಂಕ್ ತುಂಬಿದ್ದರೂ ಮನೆ ಐಸು. ನೀರು ಸ್ವಂತ ಬೋರ್‌ವೆಲ್ಲಿನದು, ಅದರ ಪಂಪೂ ಕರೆಂಟಿನದೇ. ಒಲೆಯೂ ಕರೆಂಟಿನದೇ. ನಮ್ಮೂರಲ್ಲಿ ಕರೆಂಟ್ ಹೋದರೆ ಕತ್ತಲಾಗುತ್ತಿತ್ತು, ಅಷ್ಟೇ. ಬಾವಿ, ಹಗ್ಗ, ಒಲೆ, ಸೌದೆ ಎಲ್ಲ ಇದ್ದಲ್ಲೇ ಇರುತ್ತಿದ್ದವು. ಇಲ್ಲಿ ಕರೆಂಟಿನ ಜೊತೆಗೇ ನೀರು, ಬೆಂಕಿ, ಅಡುಗೆ, ಕಕ್ಕಸು ನಾಲ್ಕೂ ಹೋದವು. ಅಂಗಳದ ಐಸು, ಹಿಮ ಬಕೆಟ್ಟಿಗೆ ತುಂಬಿ, ಹೊರಗಡೆ ಕ್ಯಾಂಪಿಂಗ್ ಸ್ಟವ್ ಮೇಲೆ ಕರಗಿಸಿ ಕಕ್ಕಸಿಗೆ ಹಾಕುತ್ತಿದ್ದೆವು. ದೊಡ್ಡ ಬಕೆಟ್ ಹಿಮ ಕರಗಿದರೆ ತಳದಲ್ಲಿ ಒಂದಿಷ್ಟು ನೀರು. ಇದನ್ನು ಯಾವ ಹಳ್ಳಿಯೂ ನನಗೆ ಕಲಿಸಿರಲಿಲ್ಲ.

ಕಲಿಸಿದವರು ಪಕ್ಕದ ಮನೆಯ ಮುದುಕರು. ಮನೆಯ ಪೈಪಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುವ ಮೊದಲು ಎಲ್ಲ ನಲ್ಲಿ ತೆರೆದು, ತಳದಿಂದ ನೀರು ಬಸಿದುಬಿಡಬೇಕು ಅಂತ ತೋರಿಸಿಕೊಟ್ಟವರು ಅವರು. ಇಡೀ ಮನೆ ಬೆಚ್ಚಗಿಡುವ ಆಸೆ ಬಿಡಿ, ಒಂದೇ ಕೋಣೆ ಆರಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ಎಲ್ಲರೂ ಅಲ್ಲೇ ಮಲಗಿ ಅಂದರು. ಫ್ರಿಜ್ಜಿನ ಹಾಲು, ಮೊಸರು ಹೊರಗೆ ಮೆಟ್ಟಿಲ ಮೇಲಿನ ಡಬ್ಬಿಗೆ ಹೋದವು. ನಾಲ್ಕನೇ ದಿನ ಆ ಒಂದು ಕೋಣೆ ಬಿಟ್ಟು ಉಳಿದ ಮನೆಯೊಳಗೆ 5 ಡಿಗ್ರಿ. ಎಂಟನೇ ದಿನ, 19ರಂದು, ಇದೆಲ್ಲದರ ಮೇಲೆ ಮತ್ತೆ ಅಡಿಗಟ್ಟಲೆ ಹಿಮ ಬೀಳಲು ಶುರು.

ಇನ್ನು ನಮ್ಮ ಹಳ್ಳಿ ಅನುಭವದ ವಿಷಯ. ಗೆಳೆಯನೊಬ್ಬ ಇದ್ದಿಲಿನ ಗ್ರಿಲ್ಲನ್ನು ಹಾಲ್‌ನೊಳಗೆ ತರಲು ಹೊರಟಿದ್ದ. "ನಮ್ಮಜ್ಜಿ ಮನೇಲಿ ರಾತ್ರಿಯಿಡೀ ಕೆಂಡ ಇರ್ತಿತ್ತಪ್ಪ, ಏನಾಗುತ್ತೆ?" ಅಂದ. ಅಜ್ಜಿ ಮನೆಗೆ ಹಂಚಿನ ಮಾಡು, ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತೆ, ಗಾಳಿ ಬರುತ್ತೆ. ಅಲ್ಲಿಯ ಮನೆಗಳು ಚಳಿಗೆ ಹೆದರಿ ಡಬ್ಬಿ ಥರ ಮುಚ್ಚಿಕೊಂಡಂಥವು. ಒಳಗೆ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಜನರೇಟರನ್ನು ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಇಟ್ಟರೂ ಇದೇ ಗತಿ. ಆ ಚಂಡಮಾರುತದಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೀಗೆ ಸಾವೂ ಆಯಿತು. ಗೆಳೆಯನ ಕೈಯಿಂದ ಗ್ರಿಲ್ ಕಿತ್ತುಕೊಂಡು ಹಿತ್ತಿಲಿಗೆ ಇಟ್ಟಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ.

ಇನ್ನೊಂದು ತಮಾಷೆ ನೋಡಿ. ಶಾಲೆಗಳಲ್ಲಿ, ಅಗ್ನಿಶಾಮಕ ಠಾಣೆಗಳಲ್ಲಿ ಬೆಚ್ಚಗೆ ಕೂರಲು, ಮಲಗಲು ಜಾಗ ಮಾಡಿದ್ದರು. ಪುಟ್ಟ ಮಗು ಇದ್ದ ನಮ್ಮವರೊಬ್ಬರು ಮೂರು ರಾತ್ರಿ ಅಲ್ಲಿಗೆ ಹೋಗಲಿಲ್ಲ. "ನಿರಾಶ್ರಿತರ ಥರ ಹೋಗಿ ಮಲಗೋದಾ? ಮ್ಯಾನೇಜ್ ಮಾಡ್ತೀವಿ." ಕೊನೆಗೆ ಮಗುವಿಗೆ ಕೆಮ್ಮು ಜಾಸ್ತಿಯಾದಾಗ ಹೋದರು. ತೆರಿಗೆ ಕಟ್ಟಿದವನಿಗೆ ಹಕ್ಕಿನಿಂದ ಸಿಗುವ ಬೆಚ್ಚನೆಯ ಮೂಲೆಗೆ ಹೋಗಲೂ ನಾಚಿಕೆ ಪಡುವಷ್ಟು ಈ 'ಮ್ಯಾನೇಜ್ ಮಾಡ್ತೀವಿ' ನಮ್ಮ ತಲೆಗೆ ಏರಿದೆ.

ಅದೇ ಹೊತ್ತಿಗೆ ಅಲ್ಲಿನವರು ಏನು ಮಾಡುತ್ತಿದ್ದರು? ಅವರೂ ಒಬ್ಬರಿಗೊಬ್ಬರು ಸೂಪ್ ಹಂಚಿದರು, ಸೌದೆ ಕೊಟ್ಟರು. ಜೊತೆಗೆ ಬೈದರು. ಪಕ್ಕದ ಮನೆಯ ಆ ಮುದುಕರು ದಿನವೂ ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಕಂಪನಿಗೆ ಫೋನ್ ಹಚ್ಚಿ, ಯಾವ ಫೀಡರ್, ಎಷ್ಟು ಗ್ಯಾಂಗು ಕಳಿಸಿದ್ದೀರಿ, ಯಾವತ್ತು ಬರುತ್ತೆ ಅಂತ ಕೇಳಿ, ಉತ್ತರವನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ಯಾಕೆ ಬರೆಯುತ್ತಿದ್ದರು ಅನ್ನೋದು ಆಮೇಲೆ ಗೊತ್ತಾಯ್ತು. ನ್ಯೂ ಹ್ಯಾಂಪ್‌ಶೈರ್‌ನ ನಿಯಂತ್ರಣ ಆಯೋಗ ವಿದ್ಯುತ್ ಕಂಪನಿಗಳ ಕೆಲಸವನ್ನು ಒಂದೊಂದಾಗಿ ಪರೀಕ್ಷಿಸಿ 2009ರಲ್ಲಿ ವರದಿ ಹೊರತಂದಿತು. ಗಡಿಯಾಚೆ ಮ್ಯಾಸಚೂಸೆಟ್ಸ್‌ನಲ್ಲಿ, ಫಿಚ್‌ಬರ್ಗ್ ಸುತ್ತಿನ ಜನ ಇನ್ನೂ ಜೋರು. ಅವರ ಸಿಟ್ಟಿನಿಂದ ತನಿಖೆ ನಡೆಯಿತು. ಅದೇ 2009ರಲ್ಲಿ, ವಿದ್ಯುತ್ ಕಂಪನಿಗಳು ತುರ್ತು ಸಂದರ್ಭದ ಯೋಜನೆಯನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು, ತಪ್ಪಿದರೆ ದಂಡ ಅಂತ ಕಾನೂನೇ ಬಂತು. ಐಸು ಸುರಿದದ್ದು ಯಾರ ತಪ್ಪೂ ಅಲ್ಲ ಅನ್ನೋದು ಅವರಿಗೂ ಗೊತ್ತು. ತಂತಿಯ ಪಕ್ಕದ ಮರ ಸವರಿದ್ದೀರಾ, ಕೈಯಲ್ಲಿ ಸಾಕಷ್ಟು ಜನ ಇದ್ದರಾ, ನಿಜ ಹೇಳಿದಿರಾ ಎಂಬುದಷ್ಟೇ ಅವರ ಪ್ರಶ್ನೆ.

ಈಗ ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಇಲ್ಲಿ ಐಸು ಬೀಳಲ್ಲ. ಆದರೆ ಸಾಗರದ ಕಡೆಯ ನಮ್ಮೂರಲ್ಲಿ ಜುಲೈ ಬಂತೆಂದರೆ ನ್ಯಾಶುವಾದ ಕಥೆಯೇ. ಮಳೆಗೆ ಮರ ಬೀಳುತ್ತೆ, ಮರದಡಿ ತಂತಿ. ಐದು ದಿನ, ಏಳು ದಿನ ಕರೆಂಟಿಲ್ಲ. ನಾಲ್ಕಾರು ಹಳ್ಳಿಗೆ ಒಬ್ಬ ಲೈನ್‌ಮನ್, ಒಂದು ಬೈಕು, ಜಿಗಣೆ ಕಚ್ಚಿದ ಕಾಲು. ಊರವರೇ ಕತ್ತಿ ಹಿಡಿದು ಹೋಗಿ ಕೊಂಬೆ ಕಡಿದು, ತಂತಿ ಎಳೆದುಕೊಟ್ಟು, ಅವನಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ "ಎಷ್ಟು ಚೆಂದ ಅಲ್ವಾ ಹಳ್ಳಿ ಲೈಫು, ಎಲ್ರೂ ಸೇರಿ ಕೆಲ್ಸ ಮಾಡ್ತಾರೆ" ಅಂತಾರೆ. ಚೆಂದ ಏನು ಬಂತು? ಬಿಲ್ ಕಟ್ಟಿದವನೇ ಮಳೆಯಲ್ಲಿ ನಿಂತು, ಜೀವ ಕೈಯಲ್ಲಿ ಹಿಡಿದು ಇಲಾಖೆಯ ಕೆಲಸ ಮಾಡುತ್ತಿದ್ದಾನೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕೊಟ್ಟ ತಾಲ್ಲೂಕು ಅದು. ಅಲ್ಲಿ ಚಿಮಣಿ ದೀಪ ಇನ್ನೂ ಅಟ್ಟ ಸೇರಿಲ್ಲ.

ಇತ್ತ ನಾವು? ಫ್ಲ್ಯಾಟ್ ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ, "ನೂರಕ್ಕೆ ನೂರು ಪವರ್ ಬ್ಯಾಕಪ್ ಇದೆಯಾ?" ಕರೆಂಟ್ ಹೋದ ಹತ್ತನೇ ಸೆಕೆಂಡಿಗೆ ಕೆಳಗೆ ಡೀಸೆಲ್ ಜನರೇಟರ್ ಗುಡುಗುತ್ತದೆ, ಲಿಫ್ಟ್ ಓಡುತ್ತದೆ. ಕರೆಂಟ್ ಹೋದದ್ದೇ ನಮಗೆ ಗೊತ್ತಾಗಲ್ಲ. ಇಂಗ್ಲಿಷಿನಲ್ಲಿ ದೂರು ಬರೆಯಬಲ್ಲ, ಕಾನೂನು ಓದಬಲ್ಲ, ಅಧಿಕಾರಿ ಎದುರು ಕುರ್ಚಿ ಎಳೆದು ಕೂರಬಲ್ಲ ಮಂದಿಯೆಲ್ಲ ಹೀಗೆ ಯುಪಿಎಸ್ ಹಿಂದೆ ಸೇರಿಕೊಂಡ ಮೇಲೆ ಗಲಾಟೆ ಮಾಡೋರು ಯಾರು? ಡೀಸೆಲ್ ಖರ್ಚು ಹಂಚಿಕೆ ಬಗ್ಗೆ ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಮೂರು ಗಂಟೆ ಜಗಳ ಆಗುತ್ತೆ. ದರ ಏರಿಸುವ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅದಕ್ಕೆ ನಮ್ಮ ಇನ್ನೂರು ಫ್ಲ್ಯಾಟಿನಿಂದ ಇದುವರೆಗೆ ಒಬ್ಬನೂ ಹೋದದ್ದಿಲ್ಲ.

2003ರ ವಿದ್ಯುತ್ ಕಾಯ್ದೆಯಲ್ಲಿ 57ನೇ ಕಲಮು ಅಂತೊಂದಿದೆ. ಸೇವೆ ಹೇಗಿರಬೇಕು ಅನ್ನೋ ಮಾನದಂಡವನ್ನು ಆಯೋಗ ಗೊತ್ತು ಮಾಡಬಹುದು, ಕಂಪನಿ ಅದನ್ನು ಮುಟ್ಟದಿದ್ದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅನ್ನುತ್ತದೆ. ಸಣ್ಣ ಮೊತ್ತವೇ ಇರಬಹುದು. ಆದರೆ ಒಂದು ಹೋಬಳಿಯ ಸಾವಿರ ಮನೆಯವರು ಒಂದೇ ವಾರಕ್ಕೆ ಕೇಳಿದರೆ ಆಫೀಸಿನಲ್ಲಿ ಕಡತ ತೆರೆಯಲೇಬೇಕಲ್ಲ? ಎರಡನೇ ಲೈನ್‌ಮನ್ ಸಿಗೋದು ಅಂಥ ಕಡತದಿಂದ, ನಮ್ಮ ಸಹನೆಯಿಂದಲ್ಲ.

ಕಳೆದ ಮಳೆಗಾಲದ ಆರು ದಿನದ ಲೆಕ್ಕ ಹಾಕಿ ಅಪ್ಪನ ಹೆಸರಿನಲ್ಲಿ ಅರ್ಜಿ ಬರೆದುಕೊಟ್ಟೆ, ಕನ್ನಡದಲ್ಲೇ, ಒಂದೂವರೆ ಪುಟ. ಅಪ್ಪ ಓದಿ, "ಯಾಕೋ ಇದೆಲ್ಲ, ಆ ಲೈನ್‌ಮನ್ ಹುಡುಗನಿಗೆ ತೊಂದರೆಯಾದೀತು" ಅಂದರು. ಅವನ ಕೆಲಸ ಹಗುರ ಮಾಡೋಕೇ ಈ ಅರ್ಜಿ ಅಂತ ಹೇಳಿ ಸಹಿ ಹಾಕಿಸಲು ಅರ್ಧ ದಿನ ಹಿಡಿಯಿತು. ಅಕ್ಕಪಕ್ಕದ ಹನ್ನೊಂದು ಮನೆಯವರೂ ಪ್ರತಿ ಕೇಳಿದ್ದಾರೆ, ಜೆರಾಕ್ಸ್ ಮಾಡಿಸಿ ಕಳಿಸಬೇಕು.