ಮುಳುಗಿದ ಇಗರ್ಜಿಯೂ ಮೊಬೈಲಿನ ಸ್ವಾಮಿಗಳೂ



ಆಲೂರು–ಸಕಲೇಶಪುರದ ಕಾಫಿ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರ ಉಳಿಯುವ ಆಸ್ತಿಯೆಂದರೆ ಹಳೆಯ ವಿದ್ಯಾರ್ಥಿಗಳು. ಅಂಥ ಒಬ್ಬಳ ಮಾತಿನಿಂದ ಈ ಲೇಖನ ಹುಟ್ಟಿತು. ಆಕೆ ಏಳನೆಯ ತರಗತಿಯವರೆಗೆ ನನ್ನಲ್ಲಿ ಓದಿದವಳು, ತೋಟದ ಲೈನ್ ಮನೆಯ ಹುಡುಗಿ. ಅವಳ ಗಂಡ ಒಂದು ಮುಂಜಾನೆ ಮಂಜಿನಲ್ಲಿ ಕೆಲಸಕ್ಕೆ ಹೊರಟವನು ಆನೆಯ ಕಾಲಿಗೆ ಸಿಕ್ಕಿ ತೀರಿಕೊಂಡ. ಅಂದು ಸಂಜೆಯೊಳಗೆ ಆ ಮನೆಗೆ ಬಂದವರಲ್ಲಿ ಒಬ್ಬರು ನಮ್ಮ ಕಡೆಯ ಕಥೋಲಿಕ ಸನ್ಯಾಸಿ ಗುರುಗಳು. ಮನೆಯವರ ಜಾತಿ ಮತ ಕೇಳಲಿಲ್ಲ. ಮಣ್ಣಿನ ಜಗಲಿಯ ಮೇಲೆ ಕುಳಿತರು, ಅರಣ್ಯ ಇಲಾಖೆಯವರೊಡನೆ ಮಾತನಾಡಿದರು, ರಾತ್ರಿ ಹತ್ತರವರೆಗೆ ಎದ್ದು ಹೋಗಲಿಲ್ಲ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮುಂದೆ ಬರೆಯುವುದನ್ನು ಓದುವಾಗ ತಾವೂ ಇದನ್ನು ಮರೆಯಬಾರದು.

ಅವರೊಡನೆ ಒಬ್ಬ ಹುಡುಗ ಮೊಬೈಲು ಹಿಡಿದು ಬಂದಿದ್ದ. ಮೂರನೆಯ ದಿನ ಆ ಮನೆಯ ಅಳು, ಹಿನ್ನೆಲೆಯಲ್ಲಿ ಪಿಟೀಲಿನ ದನಿಯೊಡನೆ, ಜಾಲದಲ್ಲಿ ಹರಿದಾಡಿತು. ನೋಡಿದವರು ಸಾವಿರಾರು ಮಂದಿ. ಹಣವೂ ಬಂತು, ಮಕ್ಕಳಿಬ್ಬರ ಶಾಲೆಯ ಶುಲ್ಕಕ್ಕೆ ದಾರಿಯಾಯಿತು. ಕೆಲವು ವಾರ ಕಳೆದ ಮೇಲೆ ಆಕೆ ಸಕಲೇಶಪುರದ ಸಂತೆಯಲ್ಲಿ ನನಗೆ ಸಿಕ್ಕಳು. ‘ದುಡ್ಡು ಬಂತು ಸಾರ್, ಇಲ್ಲ ಅನ್ನಲ್ಲ. ಆದ್ರೆ ನನ್ನ ಅಳೂನ ಯಾರ್ಯಾರೋ ನೋಡ್ಬಿಟ್ರು. ಅಂಗಡೀಲಿ ನಿಂತ್ರೆ, ನೀನೇ ಅಲ್ವೇನಮ್ಮ ಅಂತಾರೆ’ ಎಂದಳು. ಅಷ್ಟು ಹೇಳಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಆ ಸೆರಗಿನ ಪರವಾಗಿ ನಾನು ಇಲ್ಲಿ ವಾದಿಸಹೊರಟಿದ್ದೇನೆ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಯಂತ್ರದ ಮೇಲೆ ಕಿಡಿಕಾರುವ ಮುದುಕರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ನಮ್ಮ ಸೀಮೆಯಲ್ಲಿ ಆನೆ ಯಾವ ತೋಟದಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುವುದರಿಂದ ಎಷ್ಟೋ ಜೀವ ಉಳಿದಿದೆ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಗುಡಿ ಮಸೀದಿ ಇಗರ್ಜಿಗಳೆಲ್ಲ ಬೀಗ ಕಂಡಾಗ, ಹಾಸಿಗೆ ಹಿಡಿದ ಮುದುಕಿಯರಿಗೆ ಬಲಿಪೂಜೆಯ ದನಿ ಕೇಳಿಸಿದ್ದು ಅದೇ ಪುಟ್ಟ ಪೆಟ್ಟಿಗೆಯಿಂದ. ಆ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸರು ಮಳೆ ಹನಿಯುತ್ತಿದ್ದ ಸಂತ ಪೇತ್ರರ ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು, ಆ ಧರ್ಮದ ಹೊರಗಿನವರೂ ನೋಡಿ ಗದ್ಗದಿತರಾದರು. ದೂರದ ದನಿಗೂ ಒಂದು ಸಾಂತ್ವನವಿದೆ.

ಅವರ ಧರ್ಮಸಭೆಯೂ ಮಾಧ್ಯಮವನ್ನು ದೂರವಿಟ್ಟಿದ್ದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಮೊದಲ ಎರಡು ದಸ್ತಾವೇಜುಗಳಲ್ಲಿ ಒಂದು ಸಮೂಹ ಮಾಧ್ಯಮಗಳನ್ನು ಕುರಿತದ್ದು. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಗುರುಗಳಿಗೆಂದೇ ಮೀಸಲಿಟ್ಟು, ಅಂತರಜಾಲಕ್ಕೆ ಹೋಗಿ ಎಂದು ಕರೆಕೊಟ್ಟರು. ಆದರೆ ಅದೇ ಸಂದೇಶದಲ್ಲಿ, ಗುರುವು ಅಲ್ಲಿ ಗುರುತಾಗಬೇಕಾದದ್ದು ಮಾಧ್ಯಮದ ಕೈಚಳಕದಿಂದಲ್ಲ, ಗುರುವಿನ ಹೃದಯದಿಂದ ಎಂಬ ಆಶಯವನ್ನೂ ಸೇರಿಸಿದ್ದರು. ಅದಕ್ಕೂ ಮುಂಚೆ, 2002ರಲ್ಲೇ, ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ ಸ್ಪಷ್ಟಪಡಿಸಿತ್ತು. ಪಾಪನಿವೇದನೆ ಕೇಳುವ ಕಿವಿ ಹತ್ತಿರವಿರಬೇಕು. ರೋಗಿಯ ಹಣೆಗೆ ಎಣ್ಣೆ ಹಚ್ಚುವ ಬೆರಳು ಅಲ್ಲೇ ಇರಬೇಕು. ಕರೆ ಎಲ್ಲರಿಗೂ ನೆನಪಿದೆ, ಷರತ್ತು ಮರೆತಿದೆ. ನನ್ನ ತಕರಾರು ಇಷ್ಟೇ.

ಈ ತಕರಾರಿಗೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಹಾಸನದ ಮಣ್ಣಿನಲ್ಲೇ ಇನ್ನೂರು ವರ್ಷಗಳ ಹಿಂದೆ ಒಬ್ಬರು ಪಾದ್ರಿ ಇದ್ದರು, ಅಬ್ಬೆ ದ್ಯುಬುವಾ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಿ, ಹಾಸನದ ಬಳಿಯ ಸಾಥಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟವರು. ಕಾವಿಯುಟ್ಟು, ನಾಡಿನ ಊಟ ಉಂಡು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯೋರು’ ಆದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ವರಹ ಕೊಟ್ಟು ಕೊಂಡಿತು. ಅದು ಲಂಡನ್ನಿನಲ್ಲಿ ಅಚ್ಚಾಗಿ ಯುರೋಪಿಗೆಲ್ಲ ಹಬ್ಬಿತು. ಅಂದಿನ ಕಾಲಕ್ಕೆ ಅದಕ್ಕಿಂತ ದೊಡ್ಡ ‘ವೀಕ್ಷಕ ಬಳಗ’ ಮತ್ತಾವ ಪಾದ್ರಿಗೆ ದೊರಕಿತ್ತು?

ಆದರೆ ಆ ಕೀರ್ತಿಯ ಗತಿ ಏನಾಯಿತೆಂದು ನೋಡಿ. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಆ ಗ್ರಂಥದ ಬಹುಭಾಗ ದ್ಯುಬುವಾ ಅವರದಲ್ಲ, ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದು ಎಂದು ಅದರಿಂದ ತಿಳಿಯಿತು. ಲೋಕ ಮೆಚ್ಚಿದ ಪುಸ್ತಕ ಹೀಗೆ ಕೈಬಿಟ್ಟಿತು. ಹಾಗಾದರೆ ದ್ಯುಬುವಾ ಅವರದೇ ಎನ್ನುವಂಥದ್ದು ಏನು ಉಳಿಯಿತು? 1803–04ರಲ್ಲಿ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಅವರ ಮುತುವರ್ಜಿಯಿಂದ ಸಿಡುಬಿನ ದಾಕು ಬಿತ್ತು. ಆ ದಾಕು ಉಳಿಯಿತು. ಸಾಥಳ್ಳಿಯ ನೇಗಿಲ ಸಾಲು ಉಳಿಯಿತು. ಯಾರದೋ ತೋಳನ್ನು ಹಿಡಿದು ಮಾಡಿದ ಕೆಲಸವನ್ನು ಬೇರೊಬ್ಬರಿಂದ ನಕಲು ಮಾಡಲಾಗುವುದಿಲ್ಲ.

ಇನ್ನೊಬ್ಬರನ್ನೂ ನೆನೆಯುತ್ತೇನೆ, ಅವರು ಪ್ರಾಟೆಸ್ಟಂಟರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನ ಆ ಹಾಳೆಯೇ ಅಂದಿನ ಹೊಸ ಮಾಧ್ಯಮ. ಆ ಮನುಷ್ಯ ಪತ್ರಿಕೆಯ ಸಂಪಾದಕರಾಗಿಯೇ ಮುದುಕರಾಗಲಿಲ್ಲ. 1850ರ ದಶಕದಲ್ಲಿ ಕೊಡಗಿನ ಬೆಟ್ಟ ಹತ್ತಿ, ಜೀತದಲ್ಲಿ ನಲುಗಿದ್ದ ಹೊಲೆಯರೊಡನೆ ಆನಂದಪುರವೆಂಬ ನೆಲೆ ಕಟ್ಟಲು ನಿಂತರು. ಅಚ್ಚುಮೊಳೆ ಬಲ್ಲವರು ಕೆಸರನ್ನೂ ಬಲ್ಲವರಾಗಿದ್ದರು. ಇವರಿಬ್ಬರ ಮತಪ್ರಚಾರದ ಬಗ್ಗೆ ಯಾರಿಗೆ ಯಾವ ಆಕ್ಷೇಪವಾದರೂ ಇರಲಿ, ಈ ಒಂದು ಮಾತನ್ನು ಅಲ್ಲಗಳೆಯಲಾಗದು.

‘ಮೇಷ್ಟ್ರೇ, ಲೈನ್ ಮನೆಗಳನ್ನು ಸುತ್ತಿದರೆ ದಿನಕ್ಕೆ ನಾಲ್ಕು ಮನೆ. ಒಂದು ಪ್ರವಚನ ಹಾಕಿದರೆ ಹತ್ತು ಸಾವಿರ ಮನೆ. ಯಾವುದು ಲಾಭ?’ ಎಂದು ತೋಟಗಾರ ಮಿತ್ರರೊಬ್ಬರು ನನ್ನನ್ನು ಕೇಳಿದರು. ಕಾಫಿ ತೂಕದ ಲೆಕ್ಕ ಬಲ್ಲವರ ಪ್ರಶ್ನೆ! ಇದಕ್ಕೆ ನನ್ನ ಉತ್ತರ ಮೂರು.

ಒಂದು: ಎಣಿಸಲು ಬರುವುದೆಲ್ಲ ದೊಡ್ಡದಲ್ಲ. ವೀಕ್ಷಣೆಯ ಸಂಖ್ಯೆ ಪರದೆಯ ಕೆಳಗೇ ಕಾಣುತ್ತದೆ. ಸಾಯುವವನ ಕೈ ಹಿಡಿದು ಕುಳಿತ ರಾತ್ರಿಗೆ ಸಂಖ್ಯೆಯಿಲ್ಲ. ಹೀಗಿರುವಾಗ ಒಳ್ಳೆಯ ಮನುಷ್ಯನೂ ಮೆಲ್ಲಮೆಲ್ಲನೆ ಎಣಿಕೆಯಾಗುವ ಕೆಲಸದ ಕಡೆಗೇ ವಾಲುತ್ತಾನೆ. ಇದು ಸೋಮಾರಿತನವಲ್ಲ, ಮನುಷ್ಯ ಸ್ವಭಾವ. ನಮ್ಮ ವೃತ್ತಿಯಲ್ಲೂ ಇದೇ ಆಯಿತಲ್ಲವೇ? ಫಲಿತಾಂಶದ ಶೇಕಡಾವಾರು ಬೋರ್ಡಿಗೆ ಏರಿದಂದಿನಿಂದ, ಹಿಂದಿನ ಬೆಂಚಿನ ಹುಡುಗನ ಪಕ್ಕದಲ್ಲಿ ಕೂರುವ ಮೇಷ್ಟ್ರು ಅಪರೂಪವಾದರು.

ಎರಡು: ಪರದೆಯ ಸಭೆ ಗುರುವನ್ನು ಆರಿಸಿಕೊಳ್ಳುತ್ತದೆ, ಬೇಡವಾದರೆ ಬೆರಳಿನಿಂದ ಸರಿಸಿಬಿಡುತ್ತದೆ. ಊರಿನ ಸಭೆ ಹಾಗಲ್ಲ. ಅಲ್ಲಿ ಕುಡುಕನೂ ಉಂಟು, ಜಗಳಗಂಟಿಯೂ ಉಂಟು, ಚಂದಾ ಕೊಡದವನೂ ಉಂಟು. ಅವರನ್ನು ಗುರು ಆರಿಸಿಕೊಂಡಿಲ್ಲ, ಅವರೂ ಗುರುವನ್ನು ಆರಿಸಿಕೊಂಡಿಲ್ಲ. ಆರಿಸಿಕೊಳ್ಳದವರ ಜೊತೆ ಬಾಳುವುದೇ ಸನ್ಯಾಸದ ಒರೆಗಲ್ಲು. ಕುರಿಗಾಹಿಗೆ ಕುರಿಯ ವಾಸನೆ ಹತ್ತಿರಬೇಕೆಂದು ಪೋಪ್ ಫ್ರಾನ್ಸಿಸರು 2013ರಲ್ಲಿ ಗುರುಗಳಿಗೆ ಹೇಳಿದರಷ್ಟೆ? ಪರದೆಗೆ ವಾಸನೆಯಿಲ್ಲ.

ಮೂರು: ದೂರದ ಕಣ್ಣೀರು ಹತ್ತಿರದ ಮನುಷ್ಯನನ್ನು ಮುಟ್ಟುತ್ತದೆಂಬ ಭರವಸೆಯಿಲ್ಲ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದ ಕಾಡಿನಲ್ಲಿ, ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಡನೆ ಕಾದಾಡಿ ಮಡಿದ. ನಾಡಿಗೆ ನಾಡೇ ಜಾಲದಲ್ಲಿ ಅತ್ತಿತು. ಅಳಬೇಕಾದದ್ದೇ, ನಾನೂ ಅತ್ತೆ. ಆದರೆ ಇದೇ ತಾಲೂಕುಗಳಲ್ಲಿ ಆನೆಯಿಂದ ಸತ್ತ ಕೂಲಿಯವರಲ್ಲಿ ಒಬ್ಬರ ಹೆಸರನ್ನಾದರೂ ಅಂದು ಅತ್ತವರು ಹೇಳಬಲ್ಲರೇ? ಜಾಲದ ಮರುಕ ಮಳೆಗಾಲದ ಹಳ್ಳದಂತೆ. ರಭಸವಾಗಿ ಬರುತ್ತದೆ, ಮಾಗಿಯಲ್ಲಿ ಬಾಯಾರಿದವನಿಗೆ ಸಿಗುವುದಿಲ್ಲ.

ಇನ್ನು ಆ ಚಿತ್ರೀಕರಣದ ವಿಷಯ. ‘ತೋರಿಸದಿದ್ದರೆ ನೆರವು ಬರುವುದಿಲ್ಲ’ ಎಂಬುದು ಎಲ್ಲ ಮತದ ಸೇವಾಕರ್ತರೂ ಈಗ ಹೇಳುವ ಮಾತು. ಮಠದವರು ಹೇಳುತ್ತಾರೆ, ಸಂಘದವರು ಹೇಳುತ್ತಾರೆ, ನೋಟ್ ಪುಸ್ತಕ ಹಂಚಲು ಬರುವ ಪುಢಾರಿಯೂ ಹೇಳುತ್ತಾನೆ. ಅಸ್ಸೀಸಿಯ ಫ್ರಾನ್ಸಿಸ್ 1226ರಲ್ಲಿ ತೀರಿಕೊಂಡಾಗ ಅವರ ಬಳಿ ತಮ್ಮದೆನ್ನುವ ವಸ್ತುವಿರಲಿಲ್ಲ. ಕುಷ್ಠರೋಗಿಗಳ ನಡುವೆ ಅವರು ಬಾಳಿದ್ದನ್ನು ಲೋಕ ಎಂಟುನೂರು ವರ್ಷ ನೆನಪಿಟ್ಟಿದೆ, ಆ ರೋಗಿಗಳಲ್ಲಿ ಒಬ್ಬರ ಮುಖವನ್ನೂ ಬೀದಿಗೆ ತರದೆ! ನೆರವು ಬೇಡುವುದು ತಪ್ಪಲ್ಲ. ‘ಒಂದು ಮನೆಯಲ್ಲಿ ದುಡಿಯುವ ಕೈ ಹೋಗಿದೆ, ಇಬ್ಬರು ಮಕ್ಕಳಿದ್ದಾರೆ’ ಎಂದರೆ ಸಾಲದೇ? ಆ ಮಾತಿಗೆ ಕರಗದ ಮನಸ್ಸು ಅಳುವ ಮುಖ ನೋಡಿದರೆ ಮಾತ್ರ ಕರಗುವುದಾದರೆ, ಅದು ಕೊಡುವುದು ದಾನವಲ್ಲ, ಆಟ ನೋಡಿದ್ದಕ್ಕೆ ತೆತ್ತ ಟಿಕೆಟ್ಟಿನ ಹಣ. ಬಡತನದ ವ್ರತ ತೊಟ್ಟವರು ಬಡವರ ಕೊನೆಯ ಆಸ್ತಿಯಾದ ಮಾನವನ್ನು ಮಾರಾಟಕ್ಕಿಡಬಾರದು.

ಬರಿಯ ಗುರುಗಳನ್ನು ಬೈದು ಮುಗಿಸಿದರೆ ನಾನು ಪಕ್ಷಪಾತಿಯಾಗುತ್ತೇನೆ. ಅವರನ್ನು ಹೀಗೆ ಮಾಡಿದವರು ನಾವು. ಮನೆಗೆ ಬಂದ ಗುರುವಿಗೆ ಕಾಫಿ ಕೊಟ್ಟು ‘ನಿಮ್ಮ ವಿಡಿಯೋ ನೋಡಿದೆ’ ಎನ್ನುತ್ತೇವೆ. ‘ಆ ಮುದುಕನನ್ನು ನೋಡಿಕೊಂಡು ಬಂದಿರಂತೆ’ ಎನ್ನುವುದಿಲ್ಲ. ಶಾಲೆಯ ಕಚೇರಿ, ಕಟ್ಟಡದ ಲೆಕ್ಕ, ಹಬ್ಬದ ಚಂದಾ ಎಲ್ಲವನ್ನೂ ಒಬ್ಬರ ಹೆಗಲಿಗೇರಿಸಿ, ಮೇಲೆ ಜಾಲದಲ್ಲೂ ಮಿಂಚಲಿ ಎಂದು ಬಯಸುತ್ತೇವೆ. ಊರಿನಲ್ಲಿ ಓದಿದ ಹುಡುಗ ಹುಡುಗಿಯರಿದ್ದಾರೆ. ಚಿತ್ರ ತೆಗೆಯುವ, ಜೋಡಿಸುವ, ಜಾಲಕ್ಕೇರಿಸುವ ಕೆಲಸವನ್ನು ಅವರು ವಹಿಸಿಕೊಳ್ಳಲಿ. ಗುರುಗಳು ವಾರವೆಲ್ಲ ತಿರುಗಿ ಕಂಡದ್ದರಿಂದ ಹುಟ್ಟಿದ ನಾಲ್ಕು ಮಾತು ಆಡಲಿ. ಆ ಮಾತಿಗೆ ತೂಕವಿರುತ್ತದೆ. ಕಾಲು ನಡೆದ ದೂರದಷ್ಟೇ ನಾಲಗೆ ಹೋಗಬೇಕು. 2020ರಲ್ಲಿ ಶಾಲೆ ಮುಚ್ಚಿ, ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುತ್ತಿದ್ದಾಗ, ‘ವಿದ್ಯಾಗಮ’ದಡಿ ನಮ್ಮ ಮೇಷ್ಟ್ರುಗಳು ಕೇರಿಕೇರಿಗೆ ನಡೆದು ಹೋಗಿ ಮರದ ಕೆಳಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಜ. ಆದರೆ ಪರದೆ ತಲುಪದ ಕಡೆ ಕಾಲು ತಲುಪುತ್ತದೆಂಬುದು ಅಷ್ಟರಲ್ಲೇ ಸಾಬೀತಾಗಿತ್ತು.

ಕೊನೆಯದಾಗಿ, ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಿದ್ದೀರಾ? ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಊರನ್ನು ನುಂಗಿತು, ಜನ ಬೇರೆಡೆಗೆ ಎದ್ದು ಹೋದರು. ಈಗ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮೇಲೇಳುವ ಮುರುಕು ಗೋಡೆಗಳು ಮಾತ್ರ ಇವೆ. ಜಿಲ್ಲೆಯ ಯಾವ ಇಗರ್ಜಿಗೂ ಇಲ್ಲದಷ್ಟು ಚಿತ್ರಗಳು ಅದಕ್ಕಿವೆ. ಮದುವೆಗೆ ಮುಂಚಿನ ಜೋಡಿಗಳು, ಹಾಡಿನ ಚಿತ್ರೀಕರಣದವರು, ಬೆಂಗಳೂರಿನ ಬೈಕಿನ ತಂಡಗಳು ಎಲ್ಲರೂ ಬರುತ್ತಾರೆ. ಗಂಟೆಯಿಲ್ಲ, ದೀಪವಿಲ್ಲ, ಪೂಜೆಯಿಲ್ಲ. ಎದ್ದು ಹೋದ ಆ ಜನರ ಚಿತ್ರ ಎಲ್ಲೂ ಕಾಣುವುದಿಲ್ಲ. ನೋಡುವವರು ಲಕ್ಷ ಮಂದಿ ಇದ್ದೂ ಮೊಣಕಾಲೂರುವವರು ಇಲ್ಲದ ದೇಗುಲ ಹೇಗಿರುತ್ತದೆಂದು ತಿಳಿಯಬೇಕಾದವರು ಅಲ್ಲಿಗೆ ಹೋಗಿ ನಿಲ್ಲಬೇಕು.

ನಮ್ಮ ಸನ್ಯಾಸಿಗಳನ್ನು ಹೋದ ತಿಂಗಳು ಕಂಡು ಇದನ್ನೆಲ್ಲ ಹೇಳಿದೆ. ಸಿಟ್ಟಾಗಲಿಲ್ಲ. ‘ಅದನ್ನು ತೆಗೆದುಬಿಟ್ಟರೆ ನೆರವು ನಿಲ್ಲುತ್ತದೆ ಮೇಷ್ಟ್ರೇ, ಅಂಥದೇ ಇನ್ನೂ ಎರಡು ಮನೆಗಳಿವೆ’ ಎಂದರು. ಸುಳ್ಳಲ್ಲ, ಅದಕ್ಕೇ ಆ ಮಾತು ನನ್ನನ್ನು ನಿದ್ದೆಗೆಡಿಸಿತು. ಆದರೂ ನನ್ನ ಉತ್ತರ ಬದಲಾಗಿಲ್ಲ. ಸ್ವಾಮಿಗಳೇ, ಅದನ್ನು ತೆಗೆದುಬಿಡಿ. ಆ ಎರಡು ಮನೆಗಳ ಕಥೆಯನ್ನು ಮುಖ ತೋರದೆ, ಹೆಸರು ಹೇಳದೆ ನಮಗೆ ತಿಳಿಸಿ. ಹಣ ಕಡಿಮೆ ಬಿದ್ದರೆ ಅದು ನಿಮ್ಮ ಸೋಲಲ್ಲ, ನಮ್ಮದು. ಮೊದಲ ಕಂತಾಗಿ ನನ್ನ ಈ ತಿಂಗಳ ಪಿಂಚಣಿಯಲ್ಲಿ ಒಂದು ಪಾಲನ್ನು ತೆಗೆದಿಟ್ಟಿದ್ದೇನೆ. ತಾವು ಬಂದು ಒಯ್ಯಬೇಕು, ಬರುವಾಗ ಆ ಹುಡುಗನನ್ನು ಕರೆತರಬೇಡಿ.